ಬಾಗಿಲು ಮುಚ್ಚಿದ ಯುಗಾದಿ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಇಲಿ ಬಿದ್ದ ಮನೆಗೆ ಬೀಗ ಹಾಕಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದರು. ಅಂದು ಗೃಹತ್ಯಾಗವೇ ರಕ್ಷೆಯಾಗಿದ್ದರೆ, 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ಕೊರೊನಾ ತಡೆಗೆಂದು 21 ದಿನಗಳ ಲಾಕ್‌ಡೌನ್ ಆರಂಭವಾದಾಗ ಗೃಹವಾಸವೇ ರಕ್ಷೆಯಾಯಿತು. ವಾಸಕ್ಕೆ ಮನೆಯೇ ಇಲ್ಲದೆ, ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ನಡೆದ ಕೂಲಿಕಾರರನ್ನು ನೆನೆಯದೆ ಈ ಮಾತನ್ನಾಡುವುದು ನ್ಯಾಯವಲ್ಲ.

ಮನೆಯಿದ್ದವರು ಅದರೊಳಗೆ ಕಂಡದ್ದೇನು? ಊಟದ ಮೇಜಿನ ಒಂದು ತುದಿ ತಂದೆಯ ಕಚೇರಿಯಾಯಿತು. ಇದ್ದ ಒಂದೇ ಮೊಬೈಲು, ಸಿಗ್ನಲ್ಲು ದೊರೆಯುವ ಕಿಟಕಿಯ ಬಳಿ, ಮಗಳ ಪಾಠಶಾಲೆಯಾಯಿತು. ಮಾರ್ಚ್ 28ರಿಂದ ದೂರದರ್ಶನವು ಮರುಪ್ರಸಾರ ಮಾಡಿದ ರಾಮಾಯಣಕ್ಕಾಗಿ ಅಜ್ಜಿ ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಸ್ನಾನ ಮುಗಿಸಿ ಕುಳಿತಿರುತ್ತಿದ್ದರು. ಆದರೆ ಇವರೆಲ್ಲರಿಗೂ ಹೊತ್ತುಹೊತ್ತಿಗೆ ಕಾಫಿ, ತಿಂಡಿ, ಊಟಗಳನ್ನೊದಗಿಸುತ್ತ, ತಂದ ಹಾಲಿನ ಪೊಟ್ಟಣವನ್ನೂ ತೊಳೆದಿಡುತ್ತ, ಕೆಲಸದವಳೂ ಬಾರದ ಆ ದಿನಗಳಲ್ಲಿ ಪಾತ್ರೆಯ ರಾಶಿಯ ಮುಂದೆ ಮತ್ತೆ ಮತ್ತೆ ನಿಂತ ತಾಯಿಗೆ ರಜೆಯೆಂಬುದು ಯಾವ ಆಜ್ಞೆಯಿಂದಲೂ ಲಭಿಸಲಿಲ್ಲ. ಆಕೆಯ ದಿನಚರಿಯನ್ನು ಗಂಡನೂ ಮಕ್ಕಳೂ ಬೆಳಗಿನಿಂದ ರಾತ್ರಿಯವರೆಗೆ ಕಣ್ಣಾರೆ ಕಂಡದ್ದು ಬಹಳಷ್ಟು ಮನೆಗಳಲ್ಲಿ ಅದೇ ಮೊದಲು.

ಕಂಡು ಕೆಲವರು ಕಸಬರಿಕೆ ಹಿಡಿದರು, ಕೆಲವರು ಕುಕ್ಕರಿಗೆ ಅಕ್ಕಿಯಿಡಲು ಕಲಿತರು. ಕಚೇರಿಗಳು ತೆರೆದ ಮೇಲೆಯೂ ಆ ಅಭ್ಯಾಸವನ್ನು ಉಳಿಸಿಕೊಂಡ ಮನೆಗಳನ್ನು ಕಂಡಾಗ ನನಗೆ ಹೃತ್ಪೂರ್ವಕ ಸಂತೋಷವಾಗುತ್ತದೆ. ಬೀಗ ತೆರೆದ ಮರುದಿನವೇ ಅದನ್ನು ಕೈಬಿಟ್ಟ ಮನೆಗಳೇ ಹೆಚ್ಚೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.