ಹೊಲಿಗೆ ಬಿಚ್ಚಿದ ಮೇಲೂ ಉಳಿಯುವುದು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಮಾತಾಡಲು ಸೇರಿದ ಕಡೆ ಸಿಜೇರಿಯನ್ ಹೆರಿಗೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಕಷ್ಟ ಹೇಳಿಕೊಳ್ಳಲು ಬರುವ ಹೆಣ್ಣುಮಕ್ಕಳ ಜೊತೆ ಕೂತಾಗ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಎರಡು ಮಾತುಗಳಿವೆ. “ಹೊಲಿಗೆ ಬಿಚ್ಚಿ ತಿಂಗಳಾಯ್ತು, ಇನ್ನೂ ಏನು ನಾಟಕ?” ಎಂಬುದು ಒಂದು. “ಹೊಟ್ಟೆ ಕೊಯ್ಸಿಕೊಂಡವಳು, ಇನ್ನು ಇವಳಿಂದ ಏನು ಕೆಲಸ ಆದೀತು?” ಎಂಬುದು ಇನ್ನೊಂದು. ಎರಡೂ ಒಂದೇ ಮನೆಯಲ್ಲಿ, ಒಂದೇ ಬಾಯಿಂದ ಬರುವುದುಂಟು. ಎರಡೂ ಸುಳ್ಳು. ಯಾಕೆ ಸುಳ್ಳು ಎಂದು ಗಟ್ಟಿಯಾಗಿ ಹೇಳಬೇಕಾದರೆ ನಮ್ಮ ಮೈಯ ವಿಚಾರ ಮೊದಲು ನಮಗೆ ಗೊತ್ತಿರಬೇಕು.

ನಾನು ವೈದ್ಯೆಯಲ್ಲ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಆದರೆ ನನ್ನ ಹೊಟ್ಟೆಯ ಮೇಲೂ 1986ರ ಗೀರೊಂದಿದೆ. ಇಲ್ಲಿ ಕೂತ ಎಷ್ಟೋ ಜನರಿಗೂ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಹೆರಿಗೆಗೆ 21ಕ್ಕಿಂತ ಹೆಚ್ಚು, ನಮ್ಮ ಕರ್ನಾಟಕದಲ್ಲಿ 31ಕ್ಕಿಂತ ಹೆಚ್ಚು ಸಿಜೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಅದು 47ನ್ನು ಮುಟ್ಟಿದೆ. ಬೇಕಿಲ್ಲದೆ ಕೊಯ್ಯುವುದರ ವಿರುದ್ಧ ಮಾತಾಡಲೇಬೇಕು. ಆದರೆ ಬೇಕಾದಾಗ ಮಾಡಿದ ಇದೇ ಆಪರೇಷನ್ ತಾಯಿ ಮಗು ಇಬ್ಬರನ್ನೂ ಉಳಿಸುತ್ತದೆ ಎಂಬುದೂ ನಿಜ. ಇವತ್ತು ನಾನು ಹೇಳುವುದು ಆಪರೇಷನ್ ಆದ ಮೇಲಿನ ವಿಚಾರ.

ಡಾಕ್ಟರು ಕೊಯ್ಯುವುದು ಚರ್ಮವೊಂದನ್ನೇ ಅಲ್ಲ. ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಹೊಟ್ಟೆಯನ್ನು ಬಿಗಿಹಿಡಿದಿರುವ ಗಟ್ಟಿ ಪೊರೆ, ಆಮೇಲೆ ಸ್ನಾಯು. ಸ್ನಾಯುವನ್ನು ಸಾಮಾನ್ಯವಾಗಿ ಕೊಯ್ಯದೆ ಪಕ್ಕಕ್ಕೆ ಸರಿಸುತ್ತಾರೆ. ಅದರಾಚೆ ಇನ್ನೊಂದು ತೆಳು ಪೊರೆ, ಕೊನೆಗೆ ಗರ್ಭಕೋಶ. ಚರ್ಮ ಏಳೆಂಟು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಗಟ್ಟಿ ಪೊರೆಗೆ ಆರು ವಾರ ಕಳೆದರೂ ಹಳೆಯ ಬಲದ ಅರ್ಧದಷ್ಟು ಬಂದಿರುತ್ತದೆ, ಅಷ್ಟೇ. ಪೂರಾ ಮಾಗಲು ತಿಂಗಳುಗಳೇ ಬೇಕು. ಮನೆಯವರ ಕಣ್ಣಿಗೆ ಬೀಳುವುದು ಮೇಲಿನ ಚರ್ಮ. “ನಾಟಕ” ಎಂಬ ಮಾತು ಹುಟ್ಟುವುದು ಅಲ್ಲಿಂದ.

ಇನ್ನು ಉಳಿದುಹೋಗುವ ಬದಲಾವಣೆಗಳು. ಕೊಯ್ಯುವಾಗ ಚರ್ಮದ ಸಣ್ಣ ನರಗಳು ತುಂಡಾಗುತ್ತವೆ. ಗೀರಿನ ಸುತ್ತ ಮರಗಟ್ಟಿದಂತೆ ಇರುವುದು, ಚುಮುಚುಮು ಎನ್ನುವುದು, ಕಡಿತ ಬರುವುದು ಇದರಿಂದ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಒಂದಿಷ್ಟು ಜಾಗ ಹಾಗೇ ಉಳಿಯುತ್ತದೆ. ನನ್ನ ಗೀರಿನ ಪಕ್ಕ ಮೂರು ಬೆರಳಗಲದಲ್ಲಿ ಇವತ್ತಿಗೂ ಮುಟ್ಟಿದ್ದು ತಿಳಿಯುವುದಿಲ್ಲ. ಇದರಿಂದ ಅಪಾಯವಿಲ್ಲ, ಆದರೆ ಎಚ್ಚರ ಬೇಕು. ಬಾಣಂತಿಗೆ ಕುದಿಯುವಂಥ ನೀರು ಎರೆಯುವ, ಹೊಟ್ಟೆಗೆ ಶಾಖ ಕೊಡುವ ಪದ್ಧತಿ ನಮ್ಮಲ್ಲಿದೆ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ.

ಕೆಲವರಿಗೆ ಗೀರು ದಪ್ಪಗೆ, ಗಂಟುಗಂಟಾಗಿ ಬೆಳೆಯುತ್ತದೆ. ಅದಕ್ಕೆ ಕೀಲಾಯ್ಡ್ ಎನ್ನುತ್ತಾರೆ. ಗೀರು ಒಳಕ್ಕೆ ಅಂಟಿಕೊಂಡಾಗ ಅದರ ಮೇಲಿನ ಹೊಟ್ಟೆ ಮಡಿಕೆಯಾಗಿ ಜೋಲುತ್ತದೆ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ದೂರ ಸರಿಯುವುದೂ ಉಂಟು. ಇದು ಸಹಜ ಹೆರಿಗೆಯಾದವರಿಗೂ ಆಗುತ್ತದೆ. ಹೊಟ್ಟೆಗೆ ಬಟ್ಟೆ ಕಟ್ಟಿದರೆ ಆಸರೆ ಸಿಗಬಹುದು, ಸ್ನಾಯು ಕೂಡಲು ಡಾಕ್ಟರು ಹೇಳಿಕೊಡುವ ವ್ಯಾಯಾಮ ಬೇಕು. “ಬಾಣಂತನದಲ್ಲಿ ತಿಂದು ಮಲಗಿದಳು, ಹೊಟ್ಟೆ ಬಿತ್ತು” ಎಂದು ಅತ್ತೆ ಹಂಗಿಸುವುದು, ಗಂಡ ಬೇರೆ ಹೆಂಗಸರಿಗೆ ಹೋಲಿಸಿ ಆಡುವುದು, ಇವಕ್ಕೆ ತಲೆ ತಗ್ಗಿಸಬೇಡಿ. ಅದು ಸೋಮಾರಿತನದ ಗುರುತಲ್ಲ.

ಬೆನ್ನುನೋವಿನ ಮಾತು ಎಲ್ಲ ಕಡೆ ಕೇಳುತ್ತೇನೆ. ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಜೀವಮಾನದ ನೋವು ಬಂತು ಎನ್ನುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆಯ ನೋವಿಗೆ ಆ ಸೂಜಿ ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಸಡಿಲಗೊಂಡ ಹೊಟ್ಟೆ, ಬಗ್ಗಿ ಹಾಲೂಡುವುದು, ರಕ್ತಹೀನತೆ, ಬೇಗನೆ ಹೊರೆ ಎತ್ತುವುದು, ಇವುಗಳ ಕಡೆ ಮೊದಲು ನೋಡಬೇಕು. ಸೂಜಿಯ ಮೇಲೆ ತಪ್ಪು ಹೊರಿಸಿದರೆ ಹೊರೆ ಹೊರಿಸಿದವರು ಪಾರಾಗಿಬಿಡುತ್ತಾರೆ.

ಕೆಲವು ಲಕ್ಷಣಗಳನ್ನು ಸಹಿಸಿಕೊಂಡು ಕೂರಬಾರದು. ಕೆಮ್ಮಿದಾಗ ಗೀರಿನ ಹತ್ತಿರ ಉಬ್ಬಿ, ಮಲಗಿದಾಗ ಒಳಗೆ ಹೋಗುವ ಗಡ್ಡೆ ಹರ್ನಿಯಾ ಇರಬಹುದು. ಅದು ಒಳಗೆ ಹೋಗದೆ ಸಿಕ್ಕಿಕೊಂಡು, ನೋವು ವಾಂತಿ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು. ಮುಟ್ಟಾದಾಗಲೆಲ್ಲ ಗೀರಿನಲ್ಲಿ ಗಂಟೊಂದು ಊದಿ ನೋಯುತ್ತಿದ್ದರೆ ಗರ್ಭಕೋಶದ ಒಳಪದರದ ಅಂಶ ಅಲ್ಲಿ ಬೆಳೆದಿರಬಹುದು. ಮುಟ್ಟು ನಿಂತ ಮೇಲೂ ದಿನಗಟ್ಟಲೆ ಕಂದು ಬಣ್ಣದ ಸ್ರಾವವಾಗುತ್ತಿದ್ದರೆ ಗರ್ಭಕೋಶದ ಗೀರಿನಲ್ಲಿ ಗುಳಿ ಬಿದ್ದಿರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. “ಗರ್ಭಕೋಶ ತೆಗೆಸಿಬಿಡಿ” ಎಂದು ಯಾರಾದರೂ ತಟ್ಟನೆ ಹೇಳಿದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಮುಂದಿನ ಬಸಿರಿನ ವಿಚಾರ ಎಲ್ಲಕ್ಕಿಂತ ಮುಖ್ಯ. ಪ್ರತಿ ಸಿಜೇರಿಯನ್ನಿಗೂ ಒಳಗೆ ಕರುಳು, ಮೂತ್ರಕೋಶ, ಗರ್ಭಕೋಶ ಒಂದಕ್ಕೊಂದು ಅಂಟಿಕೊಳ್ಳುವುದು ಹೆಚ್ಚುತ್ತದೆ. ಮಾಸು ಹಳೆಯ ಗೀರಿನ ಮೇಲೆ ಬೇರೂರಿ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗುವ ಅಪಾಯವೂ ಸಂಖ್ಯೆಯ ಜೊತೆಗೇ ಏರುತ್ತದೆ. ಹಾಗಾಗಿ ಎರಡು ಬಸಿರಿನ ನಡುವೆ ಸಾಕಷ್ಟು ಅಂತರ ಬೇಕು, ಹೆರಿಗೆ ರಕ್ತದ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಗಂಡುಮಗು ಬೇಕೆಂದು ಮೂರನೆಯ, ನಾಲ್ಕನೆಯ ಸಲ ಅವಳ ಹೊಟ್ಟೆ ಕೊಯ್ಸುವ ಮನೆ ಅವಳ ಪ್ರಾಣವನ್ನೇ ಪಣಕ್ಕಿಡುತ್ತದೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆ ಎಂಬುದನ್ನೂ ಆ ಮನೆಗೆ ಹೇಳಿ.

ಈಗ ಮನೆಯೊಳಗಿನ ದೌರ್ಜನ್ಯಕ್ಕೆ ಬರೋಣ. ಮೊದಲ ಆರು ವಾರ ಮಗುವಿಗಿಂತ ಭಾರ ಎತ್ತಬಾರದು ಎನ್ನುತ್ತಾರೆ ಡಾಕ್ಟರು. ಎಳೆಮಗು ಮೂರು ಕೆ.ಜಿ., ತುಂಬಿದ ಕೊಡ ಹತ್ತು ಕೆ.ಜಿ.ಗೂ ಮೇಲೆ. ಲೆಕ್ಕ ನೀವೇ ಹಾಕಿ. ಹಸಿಗಾಯದ ಹೆಂಡತಿಯ ಮೇಲೆ ಬಲಾತ್ಕಾರ ಮಾಡುವ ಗಂಡನೂ ಇದ್ದಾನೆ. ಅವಳು ಹೇಳಿಕೊಳ್ಳಲಾರಳು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆರೋಗ್ಯಕ್ಕೆ ಹಾನಿ ಮಾಡುವುದನ್ನೂ, ಲೈಂಗಿಕ ಹಿಂಸೆಯನ್ನೂ, ಹೀನಾಯವಾಗಿ ಹಂಗಿಸುವುದನ್ನೂ ದೌರ್ಜನ್ಯವೆಂದೇ ಕರೆಯುತ್ತದೆ. ಆಪರೇಷನ್ ಬಿಲ್ಲನ್ನು ತವರಿನ ತಲೆಗೆ ಕಟ್ಟಿ, ದುಡ್ಡು ಬರುವ ತನಕ ತಾಯಿ ಮಗುವನ್ನು ಮನೆಗೆ ಸೇರಿಸದವರಿದ್ದಾರೆ. ಹಣಕ್ಕಾಗಿ ಹೀಗೆ ಪೀಡಿಸುವುದು ಕ್ರೌರ್ಯ. 1983ರಲ್ಲಿ ಬಂದ 498ಎ ಕಲಮು ಇದಕ್ಕೇ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳು ಅದೇ ಕೆಲಸ ಮಾಡುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಉಚಿತ ಎಂಬುದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಬಂದ ಹಕ್ಕು.

ಸಂಘಗಳಿಂದ ಆಗಬಹುದಾದ ಕೆಲಸಗಳಿವೆ. ಸದಸ್ಯೆಯೊಬ್ಬಳಿಗೆ ಆಪರೇಷನ್ ಆದರೆ ಆರು ವಾರ ಅವಳ ಮನೆಗೆ ನೀರು ಹೊರುವ ಸರದಿ ಹಾಕಿಕೊಳ್ಳಿ. ಅವಳ ಸಾಲದ ಕಂತನ್ನು ಮುಂದೂಡಿ. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಡಲು ಹೇಳಿ. ಒಳಗೆ ಯಾವ ಬಗೆಯ ಗೀರು ಹಾಕಿದ್ದಾರೆ, ಯಾಕೆ ಹಾಕಿದ್ದಾರೆ ಎಂಬುದನ್ನು ಮುಂದಿನ ಡಾಕ್ಟರು ನೋಡಲೇಬೇಕಾಗುತ್ತದೆ. ಆರು ವಾರದ ತಪಾಸಣೆಗೆ ಗಂಡನನ್ನೂ ಕಳಿಸಿ, ಡಾಕ್ಟರ ಮಾತು ಅವನ ಕಿವಿಗೂ ಬೀಳಲಿ. ಮನೆಯಲ್ಲಿ ಹಿಂಸೆ ಇದ್ದರೆ 181ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಅವಳ ಜೊತೆ ನೀವೇ ಹೋಗಿ.

ಆಪರೇಷನ್ ಆದವಳಿಗೆ ಮೊದಲ ತಿಂಗಳುಗಳಲ್ಲಿ ವಿಶ್ರಾಂತಿ ಬೇಕು, ಆಮೇಲೆ ಅವಳು ಎಲ್ಲರಂತೆ ದುಡಿಯಬಲ್ಲಳು. ಯಾವಾಗ ಯಾವುದು ಎಂದು ತೀರ್ಮಾನಿಸಬೇಕಾದವಳು ಡಾಕ್ಟರ ಸಲಹೆ ಕೇಳಿ ಅವಳೇ. ಇಷ್ಟನ್ನು ನಿಮ್ಮ ಮುಂದಿನ ವಾರದ ಸಭೆಯಲ್ಲಿ, ಇವತ್ತು ಬಾರದವರಿಗೂ ತಿಳಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.