ಹಾಳೆ ತಟ್ಟೆಯ ಲಾಭ ಎಲ್ಲಿ ಸೋರುತ್ತದೆ?

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವ ಪತ್ರಗಳಲ್ಲಿ ಒಂದೇ ಸಂಕಟ ಮತ್ತೆ ಮತ್ತೆ ಕಾಣುತ್ತದೆ. ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಿದ್ದೇವೆ, ಬೆಳಗ್ಗಿನಿಂದ ಸಂಜೆಯವರೆಗೆ ಯಂತ್ರ ಓಡುತ್ತದೆ, ಆದರೂ ಸಂಬಳ, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು ಕಳೆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಎಲ್ಲಿ ಪೋಲಾಗುತ್ತಿದೆ?

ಹಾಳೆ ಹೆಕ್ಕುವುದು, ನೆನೆಸುವುದು, ಒತ್ತುವುದು ನಿಮಗೆ ತಿಳಿದದ್ದೇ. ಏಳು ಬಗೆಯ ಪೋಲುಗಳ ಪಟ್ಟಿಯನ್ನೂ ಈ ಮಾಲಿಕೆಯಲ್ಲಿ ಮೊದಲೇ ಕೇಳಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಪೋಲು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ನನ್ನನ್ನು ಕರೆದುಕೊಂಡು ಹೋಗಿ ತೋರಿಸುವುದು ಅಂಚು ಕತ್ತರಿಸಿದ ಚೂರುಗಳ ರಾಶಿಯನ್ನು. ಆ ಚೂರು ದನಕ್ಕೋ ಗೊಬ್ಬರದ ಗುಂಡಿಗೋ ಹೋಗುತ್ತದೆ, ಅದರಿಂದ ಯಾರೂ ಮುಳುಗಿಲ್ಲ. ನಿಮ್ಮ ಹಣ ಸಿಕ್ಕಿಬಿದ್ದಿರುವುದು ಪಕ್ಕದ ಕೋಣೆಯಲ್ಲಿ, ಮಾಡಿನವರೆಗೆ ಪೇರಿಸಿಟ್ಟ, ಯಾರೂ ಇನ್ನೂ ಕೇಳದ ತಟ್ಟೆಗಳಲ್ಲಿ. ಟೊಯೋಟಾ ಕಾರ್ಖಾನೆಯಲ್ಲಿ ಪೋಲು ತಗ್ಗಿಸುವ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಏಳು ಪೋಲುಗಳಲ್ಲಿ ಅತಿ ಕೆಟ್ಟದ್ದು ಬೇಡಿಕೆಗೆ ಮೀರಿ ಮಾಡುವುದೇ ಎಂದು ಒತ್ತಿ ಹೇಳಿದರು. ಉಳಿದ ಆರು ಅದರ ಹಿಂದೆ ತಾವಾಗಿ ಬರುತ್ತವೆ.

ಒಂದು ಲೆಕ್ಕ ನೋಡಿ. ನಿಮ್ಮಲ್ಲಿ ದಿನಕ್ಕೆ 500 ತಟ್ಟೆ ಆಗುತ್ತದೆ, ಅಷ್ಟೇ ಮಾರಾಟವಾಗುತ್ತದೆ ಅನ್ನೋಣ. ತೊಳೆದಿಟ್ಟದ್ದು, ಒತ್ತಿದ್ದು, ಕಟ್ಟು ಕಟ್ಟಿದ್ದು ಎಲ್ಲ ಸೇರಿ 10,000 ತಟ್ಟೆಯ ಸರಕು ಒಳಗಿದೆ. ಹಾಗಾದರೆ ಇಂದು ತೊಳೆದ ಹಾಳೆ ತಟ್ಟೆಯಾಗಿ ಬಾಗಿಲು ದಾಟಲು 20 ದಿನ ಬೇಕು. ಒಳಗಿನ ಸರಕನ್ನು 2,000ಕ್ಕೆ ಇಳಿಸಿದರೆ ನಾಲ್ಕೇ ದಿನ. ಯಂತ್ರ ಅದೇ, ಜನ ಅವರೇ, ದಿನಕ್ಕೆ ಆಗುವುದೂ ಅದೇ 500. ಹಣ ಮಾತ್ರ 16 ದಿನ ಮುಂಚೆ ಕೈಗೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಬರೆದುಕೊಳ್ಳಿ: ಒಳಗಿರುವ ಒಟ್ಟು ಸರಕನ್ನು ದಿನದ ಮಾರಾಟದಿಂದ ಭಾಗಿಸಿ. ಬಂದ ಉತ್ತರವೇ ನಿಮ್ಮ ಹಣ ಒಳಗೆ ಸಿಕ್ಕಿಕೊಂಡಿರುವ ದಿನಗಳು.

ರಾಶಿ ತಪ್ಪನ್ನೂ ಮುಚ್ಚುತ್ತದೆ. ನಾನು ನೋಡಿದ ಒಂದು ಘಟಕದಲ್ಲಿ ಅಚ್ಚು ಒಂದು ಬದಿಗೆ ಹೆಚ್ಚು ಕಾದು ತಟ್ಟೆಯ ಅಂಚು ಕರಕಲಾಗುತ್ತಿತ್ತು. ಒತ್ತಿದ್ದನ್ನೆಲ್ಲ ಮೂಲೆಗೆ ಪೇರಿಸಿ ವಾರಕ್ಕೊಮ್ಮೆ ಆರಿಸುವುದು ಅಲ್ಲಿಯ ಕ್ರಮ. ಆರಿಸಲು ಕೂತಾಗ ಇಡೀ ವಾರದ ದುಡಿಮೆ ಹಾಳಾಗಿತ್ತು. ಅದೇ ದಿನ ಆರಿಸಿದ್ದರೆ ಒಂದು ಹಿಡಿ ತಟ್ಟೆಯಲ್ಲಿ ಮುಗಿಯುತ್ತಿತ್ತು.

ಇನ್ನು ನಮ್ಮ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಜಿಲ್ಲೆ ಇದು. ತಟ್ಟೆಯಲ್ಲಿ ಸ್ವಲ್ಪ ಪಸೆ ಉಳಿದಿದ್ದರೂ ಆಟಿಯಲ್ಲಿ ಬೂಸ್ಟು ಹಿಡಿಯುತ್ತದೆ. ಮಾರುಕಟ್ಟೆಯ ಅಪಾಯ ಬೇರೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಮೇಲೆ ನಿರ್ಬಂಧ ಹಾಕಿತು. ಅಂಥ ಸುದ್ದಿ ಬಂದ ದಿನ ತುಂಬಿದ ಗೋದಾಮು ಯಾರದೋ ಅವರಿಗೇ ಹೆಚ್ಚು ಪೆಟ್ಟು.

"ಹಾಗಾದರೆ ಮಳೆಗಾಲಕ್ಕೆ ಹಾಳೆಯನ್ನೂ ಕೂಡಿಡಬಾರದೇ?" ಎಂದು ಕೇಳುವಿರಿ. ಇಡಲೇಬೇಕು, ಚೆನ್ನಾಗಿ ಒಣಗಿಸಿ. ಬೇಸಿಗೆಯಲ್ಲಿ ಬಿದ್ದ ಹಾಳೆ ಮಳೆಯಲ್ಲಿ ಸಿಗುವುದಿಲ್ಲ. ಒಣ ಹಾಳೆಯಿಂದ ಕೇಳಿದ ಅಳತೆಯ ತಟ್ಟೆ ಒತ್ತಬಹುದು. ಆರು ಇಂಚಿಗೆ ಒತ್ತಿಟ್ಟದ್ದನ್ನು ಮದುವೆ ಊಟಕ್ಕೆ ಹನ್ನೆರಡು ಇಂಚು ಮಾಡಲು ಯಾರಿಂದಲೂ ಆಗದು.

"ಯಂತ್ರ ನಿಂತರೆ ನಷ್ಟ" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಯಾರೂ ಕೇಳದ ತಟ್ಟೆ ಒತ್ತುವ ಯಂತ್ರ ಕರೆಂಟು, ಹಾಳೆ, ಕೂಲಿ ಮೂರನ್ನೂ ತಿನ್ನುತ್ತಿದೆ. ನಿಲ್ಲಿಸಿ. ಆ ಹೊತ್ತಿನಲ್ಲಿ ಅಚ್ಚು ಉಜ್ಜಿ, ಹಾಳೆ ಆರಿಸಿ. ಪೋಲು ಕಡಿಮೆ ಮಾಡುವುದೆಂದರೆ ಆಳು ಕಡಿಮೆ ಮಾಡುವುದು ಎಂದುಕೊಂಡವರೂ ಇದ್ದಾರೆ. ಕೆಲಸ ಬಲ್ಲ ಹೆಂಗಸರನ್ನು ಮನೆಗೆ ಕಳಿಸಿದರೆ ಹಾಳೆಯ ಗುಣ ನೋಡಿ ಹೇಳುವ ಕಣ್ಣೇ ಹೋಗುತ್ತದೆ. ಇದು ಶುದ್ಧ ಅವಿವೇಕ.

ಸಮಯ ಹೆಚ್ಚು ಉಳಿದಿಲ್ಲ, ಮಾಡಬೇಕಾದ್ದನ್ನು ಬೇಗ ಹೇಳುತ್ತೇನೆ. ಒಂದೇ ಅಳತೆಯನ್ನು ರಾಶಿ ಒತ್ತುವುದಕ್ಕೆ ಕಾರಣ ಅಚ್ಚು ಬದಲಿಸುವ ರಗಳೆ. 1969ರಲ್ಲಿ ಟೊಯೋಟಾದಲ್ಲಿ ಸಾವಿರ ಟನ್ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಶಿಗೆಯೊ ಶಿಂಗೊ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಯಂತ್ರ ನಿಲ್ಲಿಸುವ ಮೊದಲೇ ಮಾಡಬಹುದಾದ ಕೆಲಸಗಳನ್ನೆಲ್ಲ ಮೊದಲೇ ಮಾಡಿಟ್ಟರು, ಗುಟ್ಟು ಅಷ್ಟೇ. ನೀವೂ ಸ್ಪ್ಯಾನರು, ಬೋಲ್ಟು, ಮುಂದಿನ ಅಚ್ಚು ಯಂತ್ರದ ಬದಿಯಲ್ಲೇ ಇಟ್ಟುಕೊಳ್ಳಿ. ಅನುಕೂಲವಿದ್ದರೆ ಅಚ್ಚನ್ನು ಮೊದಲೇ ಬಿಸಿ ಮಾಡಿ. ಒತ್ತಿದ್ದನ್ನು ಅದೇ ದಿನ ಆರಿಸಿ. ಒಂದೊಂದು ಅಳತೆಗೂ ಇಷ್ಟೇ ಕಟ್ಟು ಎಂದು ಗೋಡೆಯಲ್ಲಿ ಗೆರೆ ಎಳೆಯಿರಿ, ರಾಶಿ ಗೆರೆ ಮುಟ್ಟಿದರೆ ಆ ಅಳತೆ ನಿಲ್ಲಿಸಿ.

ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳಿಗಾಗಿ ಕೇಂದ್ರ ಸರಕಾರ 2023ರ ಮಾರ್ಚ್ 10ರಂದು, ಹೀಗೆ ಪೋಲು ತಗ್ಗಿಸಲು ನೆರವಾಗುವ ಲೀನ್ ಯೋಜನೆಯನ್ನು ಹೊಸ ರೂಪದಲ್ಲಿ ತಂದಿದೆ. ಅದರ ಮೊದಲ ಹಂತ ಉಚಿತ. ಮುಂದಿನ ಹಂತಗಳಲ್ಲಿ ಸಲಹೆಗಾರರ ವೆಚ್ಚದ ಶೇಕಡಾ 90ರಷ್ಟನ್ನು ಸರಕಾರವೇ ಭರಿಸುತ್ತದೆ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದಾಗ ಇದನ್ನು ಹೆಸರು ಹೇಳಿ ವಿಚಾರಿಸಿ. ಹೋಗುವ ಮೊದಲು ನಿಮ್ಮ ಗೋದಾಮಿನ ಕಟ್ಟುಗಳನ್ನು ಒಮ್ಮೆ ಎಣಿಸಿಕೊಂಡು ಹೋಗಿ.