ಪ್ಲಾಸ್ಟಿಕ್ಕಿಗೂ ನೀರು ಹಾಯಿಸೋಣವೇ?

ಹೈಸ್ಕೂಲ್ ಮೈದಾನಕ್ಕೂ ಟರ್ಫ್ ಹಾಸಿ ಅನ್ನೋ ಮಾತು ಈಗ ಎಲ್ಲೆಡೆ ಇದೆ. ಒಪ್ಪೋಣ. ಟರ್ಫ್ ಮೇಲೆ ಫುಟ್‌ಬಾಲ್ ಅಡ್ಡಾದಿಡ್ಡಿ ಪುಟಿಯಲ್ಲ, ಪಾಸ್ ನೇರವಾಗಿ ಹೋಗುತ್ತೆ, ಮಳೆಗೆ ಕೆಸರಾಗಲ್ಲ.

ಆದರೆ ಚಿತ್ರದುರ್ಗ, ಹಿರಿಯೂರಿನ ಬಿಸಿಲು ನೆನಪಿದೆಯಲ್ಲ? ಪ್ಲಾಸ್ಟಿಕ್ ಹುಲ್ಲು ನಿಜವಾದ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತೆ. ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಸುಲಿಯುತ್ತೆ. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿ ಟರ್ಫ್ ಮೇಲೇ ನಡೆಯಿತು. ಅದಕ್ಕೂ ಮೊದಲೇ ಹೆಸರಾಂತ ಆಟಗಾರ್ತಿಯರು ಇದು ತಾರತಮ್ಯ ಅಂತ ದೂರು ಕೊಟ್ಟಿದ್ದರು.

ತಣ್ಣಗಾಗಿಸೋಕೆ ನೀರು ಹಾಯಿಸಬೇಕು. ಬೋರ್‌ವೆಲ್ ಬತ್ತೋ ಸೀಮೆಯಲ್ಲಿ ಪ್ಲಾಸ್ಟಿಕ್ಕಿಗೂ ನೀರಾ?

ಹೊಸದುರ್ಗ, ಹೊಳಲ್ಕೆರೆಯ ಮಕ್ಕಳಿಗೆ ಮೊದಲು ಕಲ್ಲು ಆರಿಸಿದ ಸಮತಟ್ಟಾದ ನೆಲ ಕೊಡಿ. ಕಾಲಿಗೆ ಬೂಟು, ಸುತ್ತ ನಾಲ್ಕು ಬೇವಿನ ಮರ, ಕಲಿಸೋಕೆ ಒಬ್ಬ ಪಿ.ಇ. ಮೇಷ್ಟ್ರು ಕೊಡಿ. ಟರ್ಫ್ ಮಾತು ಆಮೇಲೆ ಆಡೋಣ.